ಪಾಠದ ಪುಸ್ತಕದಾಚೆಯ ಸೊಲ್ಲಾಪುರ



ಶಾಲೆಯಲ್ಲಿ ನಾವು ಓದಿದ ದೇಶದ ಇತಿಹಾಸ ಬಹುಮಟ್ಟಿಗೆ ದೂರದ ಊರುಗಳದು. 1930 ಎಂದರೆ ದಂಡಿ, ಉಪ್ಪು, ಗಾಂಧೀಜಿ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಅದೇ ವರ್ಷ ಶ್ರೀ ಸಿದ್ಧರಾಮೇಶ್ವರರ ಈ ಪುಣ್ಯಭೂಮಿಯಲ್ಲಿ ನಡೆದದ್ದಕ್ಕೆ ಪುಸ್ತಕದಲ್ಲಿ ಹೆಚ್ಚೆಂದರೆ ಕೆಲವು ಸಾಲುಗಳ ಸ್ಥಳ. ಉಳಿದದ್ದು ತಿಳಿಯುವುದು ಶಾಲೆ ಬಿಟ್ಟ ಮೇಲೆಯೇ.

1930ರ ಮೇ 5ರಂದು ಗಾಂಧೀಜಿಯವರ ಬಂಧನವಾಯಿತು. ಸುದ್ದಿ ಮುಟ್ಟುತ್ತಲೇ ಸೊಲ್ಲಾಪುರದ ಗಿರಣಿಗಳ ಕಾರ್ಮಿಕರು ಬೀದಿಗಿಳಿದರು. ಮೇ 8ರಂದು ಪೊಲೀಸರ ಗೋಲಿಬಾರಿಗೆ ಜನ ಬಲಿಯಾದರು. ರೊಚ್ಚಿಗೆದ್ದವರು ಪೊಲೀಸ್ ಚೌಕಿಗಳಿಗೂ ನ್ಯಾಯಾಲಯಕ್ಕೂ ಬೆಂಕಿಯಿಟ್ಟರು. ಸರ್ಕಾರದ ಆಡಳಿತ ಕುಸಿಯಿತು. ಮೂರು ನಾಲ್ಕು ದಿನ ಊರಿನ ವ್ಯವಸ್ಥೆಯನ್ನು ಊರಿನವರೇ ನೋಡಿಕೊಂಡರು. ಮೇ 12ರಂದು ಸರ್ಕಾರ ಮಾರ್ಷಲ್ ಲಾ ಹೇರಿತು.

ಪೊಲೀಸರ ಕೊಲೆಯ ಆರೋಪ ಹೊರಿಸಿ ನಾಲ್ವರನ್ನು 1931ರ ಜನವರಿ 12ರಂದು ಪುಣೆಯ ಯೆರವಡಾ ಕಾರಾಗೃಹದಲ್ಲಿ ಗಲ್ಲಿಗೇರಿಸಲಾಯಿತು: ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್. ಈ ನಾಲ್ಕು ಹೆಸರುಗಳನ್ನು ಒಟ್ಟಿಗೆ ಓದಿದರೆ ಇಡೀ ಸೊಲ್ಲಾಪುರವೇ ಕಣ್ಣ ಮುಂದೆ ನಿಲ್ಲುತ್ತದೆ.

ಅಂದಿನ ಸರ್ಕಾರ ಇದನ್ನು ದಂಗೆ ಎಂದಿತು. ಊರಿನ ಜನ ಬಲಿದಾನವೆಂದು ನೆನೆಯುತ್ತ ಬಂದರು. ಹಾಗೆಂದು ಆ ದಿನಗಳ ಬೆಂಕಿಯನ್ನೂ, ಸತ್ತ ಪೊಲೀಸರನ್ನೂ ಮರೆಮಾಚಬೇಕಿಲ್ಲ. ಗಾಂಧೀಜಿಯವರ ಹೆಸರಿನಲ್ಲಿ ಎದ್ದ ಊರು ಅವರ ಅಹಿಂಸೆಯ ಗೆರೆಯನ್ನು ದಾಟಿತ್ತು ಎಂಬುದೂ ನಿಜ. ಶಾಲೆಯ ಇತಿಹಾಸದಲ್ಲಿ ಸರಿ ತಪ್ಪುಗಳು ಬೇರೆ ಬೇರೆಯಾಗಿ ನಿಂತಿರುತ್ತವೆ. ಬೆಳೆದ ಮೇಲೆ ಕಾಣುವ ಇತಿಹಾಸದಲ್ಲಿ ಅವು ಹೆಣೆದುಕೊಂಡಿರುತ್ತವೆ. ಅದನ್ನು ಅರಿತರೆ ದೇಶದ ಮೇಲಿನ ಅಭಿಮಾನ ಕುಂದುವುದಿಲ್ಲ, ಗಟ್ಟಿಯಾಗುತ್ತದೆ.

ಜನವರಿ 12 ಎಂದರೆ ನಮಗೆ ಸಂಕ್ರಾಂತಿಯ ಹೊಸ್ತಿಲು, ಏಳು ನಂದಿಧ್ವಜಗಳ ಜಾತ್ರೆಯ ಸಡಗರ. ಆ ನಾಲ್ವರ ಮನೆಗಳಿಗೆ ಆ ವರ್ಷ ಸಂಕ್ರಾಂತಿ ಹೇಗೆ ಬಂದಿರಬೇಕು! ಅವರ ಪ್ರತಿಮೆಗಳಿರುವ ಚಾರ್ ಹುತಾತ್ಮಾ ಚೌಕ ದೇವಸ್ಥಾನದಿಂದ ದೂರವಿಲ್ಲ. ಜಾತ್ರೆಗೆ ಬರುವ ಭಕ್ತರು ದೇವರ ದರ್ಶನವಾದ ಮೇಲೆ ಮಕ್ಕಳ ಕೈಹಿಡಿದು ಅಲ್ಲಿಗೂ ಹೋಗಬೇಕು, ನಾಲ್ಕೂ ಹೆಸರುಗಳನ್ನು ಅವರಿಂದ ಹೇಳಿಸಬೇಕು. ಮನೆಯ ಹಿರಿಯರು ಕೇಳಿದ ಕಥೆಗಳನ್ನು, ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ, ಬರೆದಿಡಬೇಕು. ದೇಶದ ಇತಿಹಾಸ ನಮ್ಮ ಓಣಿಯಲ್ಲೂ ನಡೆದಿದೆ ಎಂದು ಮಕ್ಕಳಿಗೆ ಹೇಳಬೇಕಾದವರು ನಾವೇ.