ಧಾರವಾಡ ಆಕಾಶವಾಣಿ ಮತ್ತು ಗಡಿನಾಡಿನ ಜಾನಪದ ಸಂಗೀತ

ಧಾರವಾಡ ಆಕಾಶವಾಣಿ ಉತ್ತರ ಕರ್ನಾಟಕದ ಮೊದಲ ಬಾನುಲಿ ಕೇಂದ್ರ. 1950ರ ಜನವರಿ 8ರಂದು ಪ್ರಸಾರ ಆರಂಭಿಸಿತು. ಬೆಳಗಾವಿ ಜಿಲ್ಲೆಯ ಗಡಿ ತಾಲ್ಲೂಕುಗಳಾದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡಗಳ ಕೇಳುಗರಿಗೆ ಕನ್ನಡದ ಹಳ್ಳಿಹಾಡು ರೇಡಿಯೊದಲ್ಲಿ ತಲುಪಿದ್ದು ಮುಖ್ಯವಾಗಿ ಈ ಕೇಂದ್ರದಿಂದ.

ಹಿನ್ನೆಲೆ

1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಖಾಸಗಿ ಬಾನುಲಿ ಕೇಂದ್ರ ಕಟ್ಟಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. ಧಾರವಾಡ ಕೇಂದ್ರ ಶುರುವಾದಾಗ ಧಾರವಾಡ, ಬೆಳಗಾವಿ ಎರಡೂ ಮುಂಬಯಿ ಪ್ರಾಂತ್ಯದಲ್ಲಿದ್ದವು. ಕರ್ನಾಟಕದ ಏಕೀಕರಣಕ್ಕೆ ಇನ್ನೂ ಆರು ವರ್ಷಕ್ಕೂ ಹೆಚ್ಚು ಕಾಲವಿತ್ತು. ಹೀಗೆ ಕನ್ನಡ ನಾಡು ನಕಾಶೆಯಲ್ಲಿ ಒಂದಾಗುವ ಮೊದಲೇ ಈ ಭಾಗದ ಮಾತು, ಹಾಡು ಗಾಳಿಯಲ್ಲಿ ಒಂದಾಗತೊಡಗಿದ್ದವು. ದ.ರಾ. ಬೇಂದ್ರೆ 1956ರಿಂದ ಕೇಂದ್ರದ ಸಲಹೆಗಾರರಾಗಿದ್ದರು. ಮಲ್ಲಿಕಾರ್ಜುನ ಮನ್ಸೂರ ಸಂಗೀತ ಸಲಹೆಗಾರರಾಗಿ, ಕಾದಂಬರಿಕಾರ ಎನ್ಕೆ ಕುಲಕರ್ಣಿ ಕಾರ್ಯಕ್ರಮ ವಿಭಾಗದಲ್ಲಿ ದುಡಿದರು.

ಗಡಿನಾಡಿನ ಹಾಡು

ಕೃಷ್ಣಾ ತೀರದ ಈ ಸೀಮೆಯಲ್ಲಿ ಹಾಡಿಗೆ ಜಾತ್ರೆಯೇ ರಂಗ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೂ ಅಥಣಿ ತಾಲ್ಲೂಕಿನ ಕೊಕಟನೂರ ಯಲ್ಲಮ್ಮನ ಜಾತ್ರೆಗೂ ಮಹಾರಾಷ್ಟ್ರದ ಭಕ್ತರು ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಡೊಳ್ಳಿನ ಪದ, ಚೌಡಕಿ ಪದ, ಗೀಗಿ ಪದ, ಭಜನೆ, ಕರಡಿ ಮಜಲು, ಶ್ರೀಕೃಷ್ಣ ಪಾರಿಜಾತ ಇಲ್ಲಿಯ ಮುಖ್ಯ ಪ್ರಕಾರಗಳು.

ಚೌಡಕಿ ಎಂದರೆ ಒಂದು ಬದಿಗೆ ತೊಗಲು ಬಿಗಿದ, ಕೊಳವೆಯಂಥ ಒಂಟಿ ತಂತಿಯ ವಾದ್ಯ. ಅದನ್ನು ಕಂಕುಳಲ್ಲಿ ಅವುಚಿಕೊಂಡು, ತಂತಿಯನ್ನು ಜಗ್ಗಿ ಸಡಿಲಿಸುತ್ತ ಮೀಟಿದರೆ ದನಿ ಏರಿ ಇಳಿಯುತ್ತದೆ. ಗೀಗಿ ಮೇಳದಲ್ಲಿ ಮುಂದಿನವರು ದಪ್ಪು ಬಡಿದು ಪದ ಎತ್ತಿಕೊಡುತ್ತಾರೆ. ಹಿಂದಿನವರು ತುಂತುಣಿ, ತಾಳ ಹಿಡಿದು ‘ಗೀ ಗೀ’ ಎಂದು ದನಿಗೂಡಿಸುತ್ತಾರೆ. ಗಂಡು ಹೆಚ್ಚೆನ್ನುವ ಹರದೇಶಿ, ಹೆಣ್ಣು ಹೆಚ್ಚೆನ್ನುವ ನಾಗೇಶಿ ಮೇಳಗಳ ಸವಾಲ್-ಜವಾಬು ಬೆಳತನಕ ನಡೆಯುತ್ತದೆ.

ಬಾನುಲಿಯಲ್ಲಿ ಜಾನಪದ

ಬೆಳತನಕ ಹಾಡುವ ಮೇಳ ಸ್ಟುಡಿಯೊದಲ್ಲಿ ಕೆಲವೇ ನಿಮಿಷಗಳಲ್ಲಿ ಪದ ಮುಗಿಸಬೇಕು. ಬಯಲಲ್ಲಿ ಬಡಿದ ಡೊಳ್ಳನ್ನು ಮೈಕಿನಿಂದ ದೂರ ಕೂಡಿಸಬೇಕು, ತುಂತುಣಿಯನ್ನು ಹತ್ತಿರ ತರಬೇಕು. ಇಲ್ಲದಿದ್ದರೆ ಹಾಡಿನ ಮಾತೇ ಕೇಳಿಸದು. ಈ ಕಟ್ಟಿನಲ್ಲಿ ಹರದೇಶಿ-ನಾಗೇಶಿಯ ವಾದ ಮೊಟಕಾದದ್ದು ನಿಜವಾದ ನಷ್ಟ. ಆದರೆ ಊರ ಜಾತ್ರೆಯಲ್ಲಷ್ಟೇ ಕೇಳುತ್ತಿದ್ದ ದನಿ ನಾಡೆಲ್ಲ ಕೇಳಿಸಿತು. ಧ್ವನಿ ಪರೀಕ್ಷೆಯಲ್ಲಿ ಗೆದ್ದ ಹಳ್ಳಿಯ ಹಾಡುಗಾರರಿಗೆ ‘ಆಕಾಶವಾಣಿ ಕಲಾವಿದ’ ಎಂಬ ಮನ್ನಣೆ, ಸಂಭಾವನೆ ಸಿಕ್ಕವು. ಬೆಳಗಾವಿ ಜಿಲ್ಲೆಯ ಮುರಗೋಡದ ಹುಕ್ಕೇರಿ ಬಾಳಪ್ಪ ಅವರಂಥ ಗಾಯಕರು ಹಳ್ಳಿಯ ಮಟ್ಟುಗಳನ್ನು ವೇದಿಕೆಗೂ ಬಾನುಲಿಗೂ ತಂದರು.

ಪ್ರಸಾರ ಮತ್ತು ಕೇಳುಗರು

ಕೇಂದ್ರದ ಮಧ್ಯಮ ತರಂಗ ಪ್ರಸಾರ 765 ಕಿಲೋಹರ್ಟ್ಸ್‌ನಲ್ಲಿದ್ದು, ಪ್ರೇಷಕದ ಶಕ್ತಿ 200 ಕಿಲೋವ್ಯಾಟ್‌ಗೆ ಏರಿತು. ಮಧ್ಯಮ ತರಂಗಗಳು ಹಗಲಿನಲ್ಲಿ ನೆಲವನ್ನು ಹಿಡಿದು ಸಾಗುತ್ತವೆ. ಹಾಗಾಗಿ ನೇರ ದೂರದಲ್ಲಿ ಸುಮಾರು 140 ಕಿಲೋಮೀಟರ್ ಆಚೆಯ ಅಥಣಿಗೂ ಧಾರವಾಡ ಕೇಳಿಸುತ್ತದೆ.

1963ರಲ್ಲಿ ಸಾಂಗಲಿ ಆಕಾಶವಾಣಿ ಆರಂಭವಾಯಿತು. ಕಾಗವಾಡಕ್ಕೆ ಸಾಂಗಲಿ ಕೂಗಳತೆಯಷ್ಟು ಹತ್ತಿರ, ನಿಪ್ಪಾಣಿಗೆ ಕೊಲ್ಹಾಪುರ ನೆರೆಯೂರು. ಸಾಂಗಲಿ ಕೇಂದ್ರ ಬಂದ ಮೇಲೆ ಗಡಿಯ ಮನೆಗಳಲ್ಲಿ ರೇಡಿಯೊದ ಕಿವಿ ಸ್ವಲ್ಪ ತಿರುಗಿಸಿದರೆ ಮರಾಠಿ, ಇನ್ನಷ್ಟು ತಿರುಗಿಸಿದರೆ ಕನ್ನಡ. ಮರಾಠಿ ಲಾವಣಿ, ಅಭಂಗದ ಜೊತೆಗೇ ಕನ್ನಡದ ಲಾವಣಿ, ತತ್ವಪದ ಕೇಳಿದ ಈ ಜನರಿಗೆ ಎರಡೂ ಮನೆಯ ಹಾಡೇ. ರಾಜಕೀಯದಲ್ಲಿ ಬಿಗಿಯಾದ ಗಡಿ ಸಂಗೀತದಲ್ಲಿ ಸಡಿಲವಾಗಿಯೇ ಉಳಿಯಿತು.

ಮಹತ್ವ

ಟಿವಿ, ಕ್ಯಾಸೆಟ್, ಮೊಬೈಲು ಬಂದ ಮೇಲೆ ಕೇಳುವ ರೀತಿ ಬದಲಾಯಿತು. ಈಗ ಧಾರವಾಡದ ಪ್ರಸಾರ ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲೂ ದೊರೆಯುತ್ತದೆ. ಹಾಡುವ ಸಂದರ್ಭಗಳೂ ಬದಲಾದವು. ಬೀಸುಕಲ್ಲು ಹೋಗಿ ಗಿರಣಿ ಬಂದಾಗ ಬೀಸುವ ಪದ ನಿಂತಿತು. ಕಣದಲ್ಲಿ ಹಂತಿ ಹೂಡುವುದು ಬಿಟ್ಟಾಗ ಹಂತಿ ಪದ ನಿಂತಿತು. ಕೆಲಸದೊಡನೆ ಹೋದ ಇಂಥ ಹಾಡುಗಳನ್ನು ಮತ್ತೆ ಕೇಳಲು ಉಳಿದಿರುವ ದಾರಿಗಳಲ್ಲಿ ಬಾನುಲಿಯ ಧ್ವನಿಮುದ್ರಿಕೆ ಮುಖ್ಯವಾದುದು. ಹಾಡಿದವರ ಹೆಸರು, ಊರು, ಮಟ್ಟು ಸಹಿತ ಅವುಗಳನ್ನು ಕಾಪಾಡಿದರೆ, ಮುಂದೆ ಚೌಡಕಿ ಹಿಡಿಯುವ ಮಕ್ಕಳಿಗೆ ಹಿರಿಯರ ದನಿಯೇ ಪಾಠವಾಗುತ್ತದೆ.