ಹೊರೆಯಿಲ್ಲದ ಹೆಜ್ಜೆ



ಜನವರಿ 16 ಸಂತ ಜೋಸೆಫ್ ವಾಜರ ಹಬ್ಬ. 1651ರಲ್ಲಿ ಗೋವೆಯಲ್ಲಿ ಹುಟ್ಟಿದ ಈ ಗುರುಗಳು ನಮಗೆ ಹೊರಗಿನವರಲ್ಲ. 1681ರಿಂದ 1684ರವರೆಗೆ ಕೆನರಾ ಸೀಮೆಯಲ್ಲಿ ಊರೂರು ಸುತ್ತಿ ಕ್ರೈಸ್ತರ ವಿಶ್ವಾಸವನ್ನು ಬಲಪಡಿಸಿದವರು. ಮಂಗಳೂರಿನ ಬಳಿಯ ಮುಡಿಪು ಗುಡ್ಡಕ್ಕೆ ಭಕ್ತರು ಇಂದಿಗೂ ಹೋಗುವುದು ಅವರನ್ನು ನೆನೆದೇ.

ಬಳಿಕ ಅವರು ಗೋವೆಯ ಒರೆಟೋರಿಯನ್ ಗುರುಗಳ ಮುಖ್ಯಸ್ಥರಾದರು. ಮನಸ್ಸು ಮಾತ್ರ ಸಿಂಹಳದ ಕಡೆಗಿತ್ತು. 1658ರಲ್ಲಿ ಜಾಫ್ನಾವನ್ನು ಗೆದ್ದ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಅಲ್ಲಿನ ಭಕ್ತರಿಗೆ ಬಲಿಪೂಜೆಯಿಲ್ಲ, ಪಾಪನಿವೇದನೆ ಕೇಳುವವರಿಲ್ಲ. 1687ರಲ್ಲಿ ವಾಜರು ಹುದ್ದೆಯನ್ನೂ ಗುರುವಸ್ತ್ರವನ್ನೂ ಬಿಟ್ಟು, ಕೂಲಿಯವನ ವೇಷದಲ್ಲಿ, ಬರಿಗಾಲಿನಲ್ಲಿ ಆ ನೆಲವನ್ನು ಮುಟ್ಟಿದರು. ಜೊತೆಗಿದ್ದವನು ಸೇವಕ ಜಾನ್ ಒಬ್ಬನೇ. ಕಾಯಿಲೆ ಬಿದ್ದಾಗ ಕರುಣೆಯ ತಾಯಿಯೊಬ್ಬಳು ಕೊಟ್ಟ ಗಂಜಿಯೇ ಅವರ ಜೀವ ಉಳಿಸಿತೆಂದು ಅವರ ಜೀವನಚರಿತ್ರೆ ಹೇಳುತ್ತದೆ. ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಯ ಬಾಗಿಲಲ್ಲಿ ಭಿಕ್ಷುಕನಂತೆ ನಿಂತರು. ಜಪಸರವನ್ನು ಗುರುತಿಸಿದವರ ಮೂಲಕ ಚದುರಿಹೋಗಿದ್ದ ಭಕ್ತರನ್ನು ಕಂಡುಕೊಂಡರು.

ಇಲ್ಲಿ ಒಂದು ವಿಷಯವನ್ನು ಗಮನಿಸೋಣ. ಪೆಟ್ಟಿಗೆ, ಪಲ್ಲಕ್ಕಿ, ಆಳುಕಾಳುಗಳೊಂದಿಗೆ ಹೋಗಿದ್ದರೆ ಅವರು ಡಚ್ಚರ ಕಾವಲಿನಲ್ಲೇ ಸಿಕ್ಕಿಬೀಳುತ್ತಿದ್ದರು. ಏನೂ ಇಲ್ಲದಿದ್ದುದೇ ಅವರಿಗೆ ದಾರಿ ತೆರೆಯಿತು. 1692ರಲ್ಲಿ ಕ್ಯಾಂಡಿಯ ರಾಜ ಅವರನ್ನು ಪೋರ್ಚುಗೀಸರ ಗೂಢಚಾರನೆಂದು ಸೆರೆಗೆ ಹಾಕಿಸಿದ. 1697ರಲ್ಲಿ ಅದೇ ಊರಿಗೆ ಸಿಡುಬು ಬಂದಾಗ, ಮನೆಯವರೇ ಕೈಬಿಟ್ಟ ರೋಗಿಗಳನ್ನು ಅದೇ ಗುರು ಜಾತಿಮತ ನೋಡದೆ ಆರೈಕೆ ಮಾಡಿದರು, ಸತ್ತವರನ್ನು ಮಣ್ಣು ಮಾಡಿದರು. ಕಾಪಾಡಿಕೊಳ್ಳಬೇಕಾದ ಆಸ್ತಿಯಿಲ್ಲದವರ ಕೈಗಳು ರೋಗಿಯ ಸೇವೆಗೆ ಬಿಡುವಾಗಿದ್ದವು.

ಯೇಸುಸ್ವಾಮಿ ಶಿಷ್ಯರನ್ನು ಕಳುಹಿಸುವಾಗ ಚೀಲ, ಹಣ, ಎರಡನೆಯ ಅಂಗಿ ಬೇಡವೆಂದದ್ದು ಇದಕ್ಕೇ. ಹಾಗೆಂದು ಬಡವರ ಮನೆಯ ಖಾಲಿ ಮಡಕೆಯನ್ನು ನಾವು ಹೊಗಳುತ್ತಿಲ್ಲ, ಅದು ತುಂಬಲೇಬೇಕು. ಈ ಮಾತು ತುಂಬಿದ ಮನೆಗಳಿಗೆ, ಅದರಲ್ಲೂ ಮೊದಲು ಗುರುಮನೆಗಳಿಗೆ. ಒಂದು ಪೆಟ್ಟಿಗೆಯೊಂದಿಗೆ ಗುರುಪಟ್ಟದ ಬದುಕಿಗೆ ಕಾಲಿಟ್ಟ ನಾವು, ವರ್ಗಾವಣೆಯಾದರೆ ಇಂದು ಟೆಂಪೋ ಕರೆಸುತ್ತೇವೆ. ಅಷ್ಟನ್ನು ಕಟ್ಟುವಾಗ, ಬಿಚ್ಚುವಾಗ ನಾಚಿಕೆಯಾಗುತ್ತದೆ. ವಸ್ತುಗಳು ಬೆಳೆದಂತೆ, ರಾತ್ರಿ ಯಾರಾದರೂ ಬಾಗಿಲು ಬಡಿದರೆ ಏಳುವ ಮನಸ್ಸು ಬೆಳೆದಿದೆಯೇ? ನಿಮ್ಮ ಮನೆಗಳಲ್ಲೂ ನೋಡಿಕೊಳ್ಳಿ: ಉಡದೆ ಮಡಿಚಿಟ್ಟ ಸೀರೆಗಳು, ನೆರೆಯವರ ಕಣ್ಣಿಗಾಗಿ ಸಾಲ ಮಾಡಿ ನಡೆಸಿದ ಮದುವೆ, ಕಂತು ತೀರುವ ಮೊದಲೇ ಬೇಸರವಾದ ಸಾಮಾನು. ಇವುಗಳ ಕಾವಲಿನಲ್ಲಿ ಸಂಜೆಯ ಜಪಸರಕ್ಕೂ ವಯಸ್ಸಾದ ತಾಯಿತಂದೆಯರ ಮಾತಿಗೂ ಪುರುಸೊತ್ತು ಉಳಿದಿಲ್ಲ.

ಸುಮಾರು 24 ವರ್ಷ ಸಿಂಹಳದಲ್ಲೇ ದುಡಿದ ವಾಜರು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸ್‌ರವರು ಕೊಲಂಬೊದಲ್ಲಿ ಅವರಿಗೆ ಸಂತಪದವಿ ನೀಡಿದರು. ವಾಜರು ಬಿಟ್ಟುಹೋದದ್ದು ಆಸ್ತಿಯನ್ನಲ್ಲ, ಜೀವಂತ ಧರ್ಮಸಭೆಯನ್ನು.

ಈ ಹಬ್ಬದ ವಾರ ಮನೆಮಂದಿಯೆಲ್ಲ ಸೇರಿ ಬೀರು ತೆರೆಯೋಣ. ನಮಗೆ ಬೇಡವಾದದ್ದನ್ನಲ್ಲ, ಇನ್ನೊಬ್ಬರಿಗೆ ಬೇಕಾದದ್ದನ್ನು ಆರಿಸಿ ಕೊಡೋಣ. ಹಗುರಾದ ಕೈಗಳನ್ನು ಜೋಡಿಸಿ ಪ್ರಾರ್ಥಿಸೋಣ. ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ.