ಕನ್‌ಸ್ಟ್ರಕ್ಟರ್: ಒಂದು ಹೆಸರಿನ ಇತಿಹಾಸ

ನೇತ್ರಾವತಿಯ ದಡದಲ್ಲಿರುವ ಫರಂಗಿಪೇಟೆಯಿಂದ ಹೊಳೆಯ ಜಾಡು ಹಿಡಿದು ಪಶ್ಚಿಮಕ್ಕೆ ಸಾಗಿದರೆ ಮಂಗಳೂರಿನ ಜೆಪ್ಪು. ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದುದು ಅಲ್ಲಿಯೇ. ಅಚ್ಚಿನಿಂದ ಹೊರಬಂದ ಹಸಿ ಹೆಂಚಿಗೂ ಆವಿಗೆಯಲ್ಲಿ ಬೆಂದ ಹೆಂಚಿಗೂ ಆಕಾರದಲ್ಲಿ ಹೆಚ್ಚಿನ ಭೇದವಿಲ್ಲ. ಆಟಿಯ ಮಳೆ ಹೊಡೆದಾಗ ಮಾತ್ರ ಭೇದವು ತಿಳಿಯುತ್ತದೆ.

ಪ್ರೋಗ್ರಾಮಿಂಗಿನ ಕ್ಲಾಸನ್ನು ಅಚ್ಚಿಗೂ ಆಬ್ಜೆಕ್ಟನ್ನು ಹೆಂಚಿಗೂ ಹೋಲಿಸುವುದು ವಾಡಿಕೆ. ಕನ್‌ಸ್ಟ್ರಕ್ಟರು ಆಬ್ಜೆಕ್ಟನ್ನು ಸೃಷ್ಟಿಸುತ್ತದೆಂದೂ ತರಗತಿಗಳಲ್ಲಿ ಹೇಳಿಕೊಡುವುದುಂಟು. ಈ ಎರಡನೆಯ ಮಾತು ನಿಷ್ಕೃಷ್ಟವಲ್ಲವೆಂಬುದು ನಮ್ಮ ಅಭಿಪ್ರಾಯ. ಸ್ಮೃತಿಯಲ್ಲಿ ಸ್ಥಳವು ಮೊದಲೇ ದೊರೆತಿರುತ್ತದೆ. ಕನ್‌ಸ್ಟ್ರಕ್ಟರು ಆ ಹಸಿಯನ್ನು ಬೇಯಿಸುವ ಆವಿಗೆ. ಇತಿಹಾಸದವರಿಗೆ ಇದರಲ್ಲೇನು ಕೆಲಸವೆಂದು ಕೆಲವರು ಕೇಳಬಹುದು. ಫರಂಗಿಗಳು ಹೋಗಿ ಹೆಸರು ಮಾತ್ರ ಉಳಿದ ಊರಿನ ವಿಷಯದಲ್ಲಿ ನಾವು ಮಾಡುವ ಕೆಲಸವೇ ಇಲ್ಲಿಯೂ ಇದೆ.

ನಾರ್ವೆಯ ಡಾಲ್ ಮತ್ತು ನಿಗಾರ್ಡ್ ಎಂಬವರು 1967ರಲ್ಲಿ ಪ್ರಕಟಿಸಿದ ಸಿಮುಲಾ ಭಾಷೆಯಲ್ಲಿ ಕನ್‌ಸ್ಟ್ರಕ್ಟರೆಂಬ ಪ್ರತ್ಯೇಕ ಅಂಗವೇ ಇರಲಿಲ್ಲ. ಕ್ಲಾಸಿನ ಒಡಲಿನಲ್ಲಿ ಬರೆದ ಆಜ್ಞೆಗಳೇ ಆಬ್ಜೆಕ್ಟು ಹುಟ್ಟುವಾಗ ನಡೆಯುತ್ತಿದ್ದವು. ಸಿ ಭಾಷೆಯಲ್ಲಾದರೋ ಸ್ಥಳವನ್ನು ಪಡೆಯುವುದು ಒಂದು ಕೆಲಸ, ಅದನ್ನು ತುಂಬುವುದು ಮತ್ತೊಂದು. ಎರಡನೆಯದನ್ನು ಮರೆತರೆ ಆ ಸ್ಥಳದಲ್ಲಿ ಹಿಂದೆ ಉಳಿದುಹೋದ ಕಸವೇ ಮೌಲ್ಯವೆಂದು ಎಣಿಕೆಗೆ ಬರುತ್ತಿತ್ತು. ತಪ್ಪು ನಡೆದ ಜಾಗ ಒಂದು, ಅದು ಕಾಣಿಸಿಕೊಳ್ಳುವ ಜಾಗ ಇನ್ನೊಂದು. ಹುಡುಕುವವನ ಪಾಡು ಹೇಳತೀರದು.

ಸಿಮುಲಾವನ್ನು ಬಳಸಿ ಬಲ್ಲ ಬಿಯಾರ್ನೆ ಸ್ಟ್ರೌಸ್ಟ್ರುಪ್ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1979ರಲ್ಲಿ ಸಿ ಭಾಷೆಗೆ ಕ್ಲಾಸುಗಳನ್ನು ಸೇರಿಸತೊಡಗಿದರು. ಮೌಲ್ಯ ತುಂಬುವ ಫಂಕ್ಷನ್ನಿಗೆ ಅವರು ಮೊದಲು ಕೊಟ್ಟ ಹೆಸರು 'ನ್ಯೂ'. ಆಬ್ಜೆಕ್ಟು ಹುಟ್ಟಿದಾಗ ಅದನ್ನು ಕರೆಯುವ ಹೊಣೆಯು ಕಂಪೈಲರಿನದಾಯಿತು, ಪ್ರೋಗ್ರಾಮರು ಮರೆಯುವಂತಿಲ್ಲ. ಸಿ ಪ್ಲಸ್ ಪ್ಲಸ್ ಎಂಬ ಹೆಸರು ಬಂದುದು 1983ರಲ್ಲಿ. ಈ ಭಾಷೆಯಲ್ಲಿ 'ನ್ಯೂ' ಎಂಬುದು ಸ್ಥಳವನ್ನು ಪಡೆದು ಕನ್‌ಸ್ಟ್ರಕ್ಟರನ್ನು ಕರೆಯುವ ಸಂಕೇತವಾಗಿ ಉಳಿಯಿತು. ಕನ್‌ಸ್ಟ್ರಕ್ಟರಿಗೆ ಕ್ಲಾಸಿನದೇ ಹೆಸರು ಬಂದಿತು. ಎರಡು ಕೆಲಸಗಳು ಬೇರೆಬೇರೆಯೆಂಬುದಕ್ಕೆ ಈ ನಾಮಾಂತರವನ್ನೇ ನಾವು ಸಾಕ್ಷಿಯೆಂದು ಪರಿಗಣಿಸುತ್ತೇವೆ. 1995ರಲ್ಲಿ ಬಂದ ಜಾವಾ ಸಹ ಕ್ಲಾಸಿನ ಹೆಸರನ್ನೇ ಕನ್‌ಸ್ಟ್ರಕ್ಟರಿಗೆ ಇಟ್ಟುಕೊಂಡಿತು.

ಒಂದು ಕ್ಲಾಸು ಮತ್ತೊಂದರಿಂದ ಹುಟ್ಟಿದಾಗ ಮೂಲ ಕ್ಲಾಸಿನ ಕನ್‌ಸ್ಟ್ರಕ್ಟರಿನ ಕೆಲಸವು ಮೊದಲು ಮುಗಿಯುತ್ತದೆ. ಗೋಡೆಯೆದ್ದ ಬಳಿಕವಲ್ಲವೆ ಮಾಡಿಗೆ ಹೆಂಚು ಹೊದಿಸುವುದು?

ಹಾಗೆಂದು ಆವಿಗೆ ಇದ್ದ ಮಾತ್ರಕ್ಕೆ ಬೆಂಕಿ ಉರಿಯುವುದಿಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಿ ಏನನ್ನೂ ತುಂಬದ ಬರಿಯ ಕನ್‌ಸ್ಟ್ರಕ್ಟರನ್ನು ಬರೆದರೆ, ಆಬ್ಜೆಕ್ಟಿನೊಳಗಿನ ಪೂರ್ಣಾಂಕವು ಹಳೆಯ ಕಸವನ್ನೇ ಹೊತ್ತಿರಬಹುದು. ಜಾವಾದಲ್ಲಿ ಆ ಅಂಕವು ಸೊನ್ನೆಯಾಗಿರುತ್ತದೆ.